ಸ್ಪೋಕ್ ಕಡ್ಡಿಯ ಮೈಕ್ರೋಮೀಟರ್

ಲ್ಯಾಬಿನಲ್ಲಿ ಮೈಕ್ರೋಮೀಟರ್ ಕೈಗೆ ಬಂದಾಗ ನಾವು ಮಾಡೋದು ನಿಮಗೂ ಗೊತ್ತು. ಎರಡು ರೀಡಿಂಗ್ ತಗೋತೀವಿ, ಮೂರನೆಯದನ್ನು ಪಕ್ಕದ ಬ್ಯಾಚಿನಿಂದ ಕಾಪಿ ಮಾಡ್ತೀವಿ, ರೆಕಾರ್ಡಿಗೆ ಸೈನ್ ಹಾಕಿಸಿಕೊಂಡು ಕ್ಯಾಂಟೀನಿಗೆ ಓಡ್ತೀವಿ. 0.01 ಮಿ.ಮೀ. ಹೆಚ್ಚುಕಮ್ಮಿ ಆದ್ರೆ ಏನಾಗುತ್ತೆ ಅಂತ ನಾವು ಯೋಚಿಸಿದ್ದೇ ಇಲ್ಲ. ನಮಗೆ ಅದನ್ನು ಕಲಿಸಿದ್ದು, ಸೈಕಲ್ ಚಕ್ರದಲ್ಲಿರುವಂಥ ಹಳೇ ಸ್ಪೋಕ್ ಕಡ್ಡಿಯನ್ನೇ ಮೈಕ್ರೋಮೀಟರ್ ಮಾಡಿಕೊಂಡಿದ್ದ ಒಬ್ಬ ಅಜ್ಜನ ಕಥೆ.

ಅವರ ಹೆಸರು ಬರ್ಟ್ ಮನ್ರೋ. ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ. ರೈತರ ಮನೆಯ ಹುಡುಗ. 1920ರಲ್ಲಿ ಒಂದು 'ಇಂಡಿಯನ್ ಸ್ಕೌಟ್' ಬೈಕ್ ಕೊಂಡರು. ಹೆಸರು ಕೇಳಿ ನಮ್ಮ ದೇಶದ್ದು ಅಂದ್ಕೋಬೇಡಿ, ಇಂಡಿಯನ್ ಅನ್ನೋದು ಅಮೆರಿಕದ ಕಂಪನಿ. 600 ಸಿಸಿ ಎಂಜಿನ್, ಗರಿಷ್ಠ ವೇಗ ಗಂಟೆಗೆ ಸುಮಾರು 88 ಕಿ.ಮೀ. ಮನ್ರೋಗೆ ಅದು ಸಾಲಲಿಲ್ಲ. 1926ರ ಹೊತ್ತಿಗೆ ಅದನ್ನು ಬಿಚ್ಚಿ ಬದಲಾಯಿಸೋಕೆ ಶುರು ಮಾಡಿದರು. ಹಗಲು ಬೈಕ್ ಮಾರುವ ಕೆಲಸ, ರಾತ್ರಿ ಶೆಡ್ಡಿನಲ್ಲಿ ಎಂಜಿನ್ ಕೆಲಸ. ಹಳೇ ಡಬ್ಬಗಳನ್ನೇ ಅಚ್ಚು ಮಾಡಿಕೊಂಡು ಭಾಗಗಳನ್ನು ಎರಕ ಹೊಯ್ದರು. ಪಿಸ್ಟನ್, ಸಿಲಿಂಡರ್, ಫ್ಲೈವೀಲ್, ಕ್ಯಾಮ್ ಎಲ್ಲಾ ಮನೆಯಲ್ಲೇ ತಯಾರು. ಕನೆಕ್ಟಿಂಗ್ ರಾಡನ್ನು ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಆಕ್ಸಲ್ ಉಕ್ಕಿನಿಂದ ಕೈಯಲ್ಲೇ ಕೆತ್ತಿದರು.

ಕೆತ್ತೋದು ಅರ್ಧ ಕೆಲಸ ಅಷ್ಟೇ. ಎರಡು ಭಾಗಗಳ ನಡುವೆ ಎಷ್ಟು ಸಂದು ಬಿಡಬೇಕು ಅನ್ನೋದೇ ಉಳಿದರ್ಧ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತೆ. ನಾವೇ ಲೆಕ್ಕ ಹಾಕಿ ನೋಡಿದ್ವಿ: 75 ಮಿ.ಮೀ. ವ್ಯಾಸದ ಪಿಸ್ಟನ್ 150 ಡಿಗ್ರಿ ಬಿಸಿ ಏರಿದರೆ ಸುಮಾರು ಕಾಲು ಮಿ.ಮೀ. ದಪ್ಪ ಆಗುತ್ತೆ. ತಣ್ಣಗಿದ್ದಾಗ ಸಂದು ಕಮ್ಮಿ ಬಿಟ್ಟಿದ್ರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್! ಜಾಸ್ತಿ ಬಿಟ್ರೆ ಗ್ಯಾಸ್ ಸೋರಿ ಶಕ್ತಿ ಹೋಗುತ್ತೆ.

ಬೇರಿಂಗಿನದು ಇನ್ನೂ ಸೂಕ್ಷ್ಮ. ಬುಷ್ ಥರದ ಬೇರಿಂಗಿನಲ್ಲಿ ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತೆ. ಅಲ್ಲಿ ಬಿಡುವ ಸಂದು ಶಾಫ್ಟ್ ವ್ಯಾಸದ ಸಾವಿರದಲ್ಲಿ ಒಂದು ಭಾಗ ಅನ್ನೋದು ಸ್ಥೂಲ ಲೆಕ್ಕ. 40 ಮಿ.ಮೀ. ಶಾಫ್ಟಿಗೆ ಬರೀ 0.04 ಮಿ.ಮೀ. ಅದಕ್ಕಿಂತ ಬಿಗಿಯಾದ್ರೆ ಆಯಿಲ್ ಒಳಗೆ ಹೋಗಲ್ಲ, ಲೋಹಕ್ಕೆ ಲೋಹ ಉಜ್ಜುತ್ತೆ. ಸಡಿಲವಾದ್ರೆ ಆಯಿಲ್ ಹೊರಗೆ ಹರಿದು ಪ್ರೆಶರ್ ಬೀಳುತ್ತೆ, ರಾಡ್ ಬಡಿಯೋಕೆ ಶುರುವಾಗುತ್ತೆ. ರೋಲರ್ ಬೇರಿಂಗ್ ಹಾಕಿದ್ರೆ ಕಮ್ಮಿ ಆಯಿಲಿನಲ್ಲೂ ನಡೆಯುತ್ತೆ, ಆದರೆ ಎಲ್ಲ ರೋಲರ್‌ಗಳೂ ಒಂದೇ ಅಳತೆ ಇರಲೇಬೇಕು. ಇಲ್ಲದಿದ್ರೆ ದಪ್ಪಗಿರೋದೇ ಭಾರವೆಲ್ಲ ಹೊತ್ತು ಮೊದಲು ಸಾಯುತ್ತೆ. ಆರ್‌ಪಿಎಂ ಎರಡು ಪಟ್ಟಾದ್ರೆ ಪಿಸ್ಟನ್ನಿನ ಜಡತ್ವದ ಬಲ ನಾಲ್ಕು ಪಟ್ಟು. ಹಾಗಾಗಿ 88ಕ್ಕೆ ಅಂತ ಮಾಡಿದ ಎಂಜಿನ್ನಿನಲ್ಲಿ ಅದರ ಮೂರು ಪಟ್ಟು ವೇಗ ಬೇಕು ಅಂದ್ರೆ ಫ್ಯಾಕ್ಟರಿ ಅಳತೆ ನಂಬಿ ಕೂರೋಕಾಗಲ್ಲ. ಮನ್ರೋ ಆಯಿಲ್ ಹರಿಯುವ ವ್ಯವಸ್ಥೆಯನ್ನೂ ತಾವೇ ಹೊಸದಾಗಿ ಮಾಡಿಕೊಂಡರು.

ಎಷ್ಟೋ ಸಲ ಎಂಜಿನ್ ಒಡೆಯಿತು. ಮುರಿದ ರಾಡು, ಸುಟ್ಟ ಪಿಸ್ಟನ್ ಯಾವುದನ್ನೂ ಅವರು ಗುಜರಿಗೆ ಹಾಕಲಿಲ್ಲ. ಶೆಡ್ಡಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಇವು ವೇಗದ ದೇವರಿಗೆ ಒಪ್ಪಿಸಿದ ಕಾಣಿಕೆ ಅಂತ ಬರೆದಿಟ್ಟರು. ನಾವಾದ್ರೆ ತಪ್ಪಾದ ರೀಡಿಂಗನ್ನು ಮೊದಲು ರಬ್ಬರಿನಲ್ಲಿ ಅಳಿಸ್ತೀವಿ!

1962ರಲ್ಲಿ, 63ನೇ ವಯಸ್ಸಿನಲ್ಲಿ, ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 288 ಕಿ.ಮೀ. ವೇಗದ ದಾಖಲೆ ಬರೆದರು. 1967ರಲ್ಲಿ ಎಂಜಿನ್ 950 ಸಿಸಿಗೆ ಬೆಳೆದಿತ್ತು. ಬೈಕಿಗೆ 47, ಸವಾರನಿಗೆ 68. ವೇಗ 296 ಕಿ.ಮೀ.! 1000 ಸಿಸಿ ಒಳಗಿನ ವರ್ಗದ ದಾಖಲೆ ಅದು. 1978ರ ಜನವರಿ 6ರಂದು ಅವರು ತೀರಿಕೊಂಡರು. 2005ರಲ್ಲಿ ಅವರ ಬದುಕು 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಸಿನಿಮಾ ಆಯಿತು. ಅವರ ಪಾತ್ರ ಮಾಡಿದ್ದು ಆಂಥನಿ ಹಾಪ್ಕಿನ್ಸ್.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1967ರ ದಾಖಲೆಯ ಸರಾಸರಿ ಲೆಕ್ಕದಲ್ಲಿ ತಪ್ಪಿದೆ ಅಂತ ಅವರ ಮಗ ಗಮನಿಸಿದರು. 2014ರಲ್ಲಿ ಅದನ್ನು ತಿದ್ದಲಾಯಿತು. ವ್ಯತ್ಯಾಸ ಗಂಟೆಗೆ ಒಂದು ಕಿ.ಮೀ. ಕೂಡ ಇಲ್ಲ. ಆದರೂ 47 ವರ್ಷ ಆದ ಮೇಲೆ ಯಾರೋ ಒಬ್ಬರು ಕೂತು ಮತ್ತೆ ಲೆಕ್ಕ ಮಾಡಿದರು.

ಮುಂದಿನ ವಾರ ನಮಗೆ ಮತ್ತೆ ಲ್ಯಾಬ್ ಇದೆ. ಮೂರನೇ ರೀಡಿಂಗನ್ನು ಈ ಸಲ ನಾವೇ ತಗೋತೀವಿ.