ಅರ್ಧ ಹೊದಿಕೆ ಕೊಟ್ಟ ಸಂತ ಮಾರ್ಟಿನರು

ನವೆಂಬರ್ 11ರಂದು ಧರ್ಮಸಭೆಯು ತೂರ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಮಾರ್ಟಿನರ ಹಬ್ಬವನ್ನು ಆಚರಿಸುತ್ತದೆ. ಕುದುರೆಯ ಮೇಲೆ ಕತ್ತಿ ಹಿಡಿದ ಸೈನಿಕ, ಕೆಳಗೆ ಚಳಿಯಲ್ಲಿ ನಡುಗುವ ಬಡವ. ಈ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕ್ರಿಸ್ತಜಯಂತಿಗೆ ಹೊಸ ಬಟ್ಟೆ ತೆಗೆಯುವ ದಿನಗಳು ಹತ್ತಿರ ಬಂದಿವೆ. ಬೀರುವಿನಲ್ಲಿ ಜಾಗವಿಲ್ಲದಿದ್ದರೂ ತೆಗೆಯುತ್ತೇವೆ. ಅದಕ್ಕೆ ಮೊದಲು ಈ ಸಂತರ ಬಾಳನ್ನು ಒಮ್ಮೆ ನೆನೆಯೋಣ.

ಮಾರ್ಟಿನರು ಹುಟ್ಟಿದ್ದು ಸುಮಾರು 316ರಲ್ಲಿ, ಇಂದಿನ ಹಂಗೇರಿ ದೇಶದ ಸವಾರಿಯಾ ಎಂಬ ಊರಿನಲ್ಲಿ. ಬೆಳೆದದ್ದು ಇಟಲಿಯ ಪಾವಿಯಾದಲ್ಲಿ. ತಂದೆ ರೋಮ್ ಸೈನ್ಯದ ಅಧಿಕಾರಿ, ಮನೆಯವರು ಕ್ರೈಸ್ತರಲ್ಲ. ಹತ್ತನೆಯ ವಯಸ್ಸಿನಲ್ಲೇ, ಹೆತ್ತವರಿಗೆ ಇಷ್ಟವಿಲ್ಲದಿದ್ದರೂ, ಬಾಲಕ ದೇವಾಲಯಕ್ಕೆ ಹೋಗಿ ತನ್ನನ್ನು ದೀಕ್ಷಾಸ್ನಾನಕ್ಕೆ ಸಿದ್ಧಗೊಳಿಸಬೇಕೆಂದು ಕೇಳಿಕೊಂಡ. ಆದರೆ ಸೈನಿಕರ ಮಕ್ಕಳು ಸೈನ್ಯ ಸೇರಲೇಬೇಕೆಂಬ ಕಾನೂನಿನಂತೆ 15ನೆಯ ವಯಸ್ಸಿಗೆ ಸೈನಿಕನಾಗಬೇಕಾಯಿತು. ಸಂಬಳದಲ್ಲಿ ದಿನದ ಊಟಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಡವರಿಗೆ ಕೊಡುತ್ತಿದ್ದರು.

ಒಮ್ಮೆ ಕಡು ಚಳಿಗಾಲ. ಚಳಿ ತಾಳಲಾರದೆ ಜನ ಸಾಯುತ್ತಿದ್ದರು. ಇಂದಿನ ಫ್ರಾನ್ಸಿನ ಆಮಿಯೆನ್ ಪಟ್ಟಣದ ಹೆಬ್ಬಾಗಿಲಲ್ಲಿ ಮೈಮೇಲೆ ಬಟ್ಟೆಯಿಲ್ಲದ ಬಡವನೊಬ್ಬ ಹೋಗಿಬರುವವರನ್ನು ಬೇಡುತ್ತಿದ್ದ. ಎಲ್ಲರೂ ನೋಡಿಯೂ ನೋಡದಂತೆ ದಾಟಿಹೋದರು. ಮಾರ್ಟಿನರ ಬಳಿ ಆಯುಧಗಳು ಮತ್ತು ಮೈಮೇಲಿನ ಹೊದಿಕೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಬೇರೆ ಬಟ್ಟೆಗಳನ್ನು ಅಷ್ಟರಲ್ಲೇ ಕೊಟ್ಟಾಗಿತ್ತು. ಅವರು ಕತ್ತಿಯಿಂದ ಹೊದಿಕೆಯನ್ನು ಎರಡು ಮಾಡಿ, ಒಂದು ತುಂಡನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ತಾವು ಹೊದ್ದುಕೊಂಡರು.

ಮಾರ್ಟಿನರನ್ನು ಸ್ವತಃ ಕಂಡು ಅವರ ಚರಿತ್ರೆ ಬರೆದ ಸುಲ್ಪಿಸಿಯುಸ್ ಸೆವೇರುಸ್ ಇಲ್ಲಿ ಒಂದು ಮಾತನ್ನು ಸೇರಿಸುತ್ತಾರೆ. ತುಂಡು ಹೊದಿಕೆಯ ಸೈನಿಕನನ್ನು ಕಂಡು ಕೆಲವರು ನಕ್ಕರು. ವಿವೇಕವಿದ್ದವರು ಮಾತ್ರ ನೊಂದುಕೊಂಡರು. ಅವರ ಬಳಿ ಇವರಿಗಿಂತ ಹೆಚ್ಚು ಬಟ್ಟೆಯಿತ್ತು. ತಾವು ಚಳಿಗೆ ಒಡ್ಡಿಕೊಳ್ಳದೆಯೇ ಕೊಡಬಹುದಿತ್ತು, ಕೊಡಲಿಲ್ಲ. ಬೀರು ತುಂಬಿದ ನಾವು ಸೇರಬೇಕಾದ್ದು ಈ ಗುಂಪಿಗೇ ಅಲ್ಲವೇ? ಹೊದಿಕೆ ಕತ್ತರಿಸುವ ಕಷ್ಟ ನಮಗಿಲ್ಲ. ತೆಗೆದು ಕೊಟ್ಟರೆ ಸಾಕು.

ಆ ರಾತ್ರಿ ಕನಸಿನಲ್ಲಿ ಯೇಸುಸ್ವಾಮಿ ಅದೇ ಅರ್ಧ ಹೊದಿಕೆಯನ್ನು ಹೊದ್ದು ದರ್ಶನವಿತ್ತರು. ಮಾರ್ಟಿನರು ತಡಮಾಡದೆ ದೀಕ್ಷಾಸ್ನಾನ ಪಡೆದರು. ಮುಂದೆ ಸೈನ್ಯ ಬಿಟ್ಟು ಸಂತ ಹಿಲರಿಯವರ ಶಿಷ್ಯರಾದರು, ಲಿಗುಜೆಯಲ್ಲಿ ಮಠ ಕಟ್ಟಿದರು. 371ರ ಸುಮಾರಿಗೆ ತೂರಿನ ಜನ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಆರಿಸಿದಾಗ, ಇಷ್ಟು ಕಳಪೆ ಬಟ್ಟೆಯ, ಕೆದರಿದ ಕೂದಲಿನ ವ್ಯಕ್ತಿ ಈ ಪದವಿಗೆ ತಕ್ಕವನಲ್ಲ ಎಂದು ಕೆಲವು ಧರ್ಮಾಧ್ಯಕ್ಷರೇ ಆಕ್ಷೇಪಿಸಿದರು. ಜನ ಕೇಳಲಿಲ್ಲ.

ಧರ್ಮಾಧ್ಯಕ್ಷರಾದ ಮೇಲೂ ಅಂಥದೇ ಒಂದು ಘಟನೆ ನಡೆಯಿತು. ಚಳಿಗಾಲದಲ್ಲಿ ಪೂಜೆಗೆ ಹೋಗುತ್ತಿದ್ದಾಗ ಬಡವನೊಬ್ಬ ಬಟ್ಟೆ ಬೇಡಿದ. ಅವನಿಗೆ ಕೂಡಲೇ ಬಟ್ಟೆ ಕೊಡಿಸಬೇಕೆಂದು ಹಿರಿಯ ಸೇವಾದರ್ಶಿಗೆ ಅಪ್ಪಣೆಯಾಯಿತು. ಆತ ತಡಮಾಡಿದ. ಬಡವ ನೇರ ಮಾರ್ಟಿನರ ಕೋಣೆಗೇ ಬಂದು ದೂರಿಕೊಂಡ. ಅವರು ಯಾರಿಗೂ ಕಾಣದಂತೆ ಒಳಗಿನ ಅಂಗಿಯನ್ನು ಬಿಚ್ಚಿ ಕೊಟ್ಟು, ಮೇಲಿನ ಉಡುಪಿನಲ್ಲೇ ಕುಳಿತರು. ಪೂಜೆಗೆ ಹೊತ್ತಾಯಿತೆಂದು ಸೇವಾದರ್ಶಿ ಕರೆಯಲು ಬಂದಾಗ, ಬಡವನ ಬಟ್ಟೆ ಬರುವವರೆಗೆ ತಾವು ಬರುವುದಿಲ್ಲ ಎಂದರು. ಆತ ಸಿಟ್ಟಿನಿಂದ ಹತ್ತಿರದ ಅಂಗಡಿಗೆ ಓಡಿ, ಐದು ಬೆಳ್ಳಿ ನಾಣ್ಯಕ್ಕೆ ಒಂದು ಗಿಡ್ಡ, ಒರಟು ಅಂಗಿ ತಂದು ಅವರ ಕಾಲ ಬಳಿ ಎಸೆದ. ಮಾರ್ಟಿನರು ಅದನ್ನೇ ತೊಟ್ಟು ಬಲಿಪೂಜೆ ಅರ್ಪಿಸಿದರು. ಬಡವನಿಗೆ ಇಷ್ಟು ಸಾಕೆಂದು ತಂದದ್ದು ತನ್ನ ಧರ್ಮಾಧ್ಯಕ್ಷರ ಮೈಮೇಲೇರಿದ್ದು ಆತನಿಗೆ ತಿಳಿಯಲೇ ಇಲ್ಲ.

397ರ ನವೆಂಬರ್ 8ರಂದು ಮಾರ್ಟಿನರು ಕಾಂದ್ ಎಂಬ ಊರಿನಲ್ಲಿ ಬೂದಿಯ ಮೇಲೆ ಮಲಗಿ ಪ್ರಾಣಬಿಟ್ಟರು. 11ರಂದು ತೂರಿನಲ್ಲಿ ಸಮಾಧಿಯಾಯಿತು. ಅವರ ಹೊದಿಕೆಯನ್ನು ಫ್ರಾಂಕ್ ರಾಜರು ಪವಿತ್ರವಾಗಿ ಕಾಪಾಡಿದರು. ಅದನ್ನಿಟ್ಟ ಸ್ಥಳಕ್ಕೆ ಲತೀನಿನಲ್ಲಿ ಕಾಪೆಲ್ಲಾ, ಅಂದರೆ ಚಿಕ್ಕ ಹೊದಿಕೆ, ಎಂಬ ಹೆಸರು ಬಂತು. ನಮ್ಮ ಧರ್ಮಪ್ರಾಂತ್ಯದಲ್ಲಿ ಯಾವ ಭಾಷೆಯವರಾದರೂ ಹೇಳುವ ಚಾಪೆಲ್ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ.

ಪ್ರಿಯರೇ, ಈ ತಿಂಗಳು ಮನೆಯವರೆಲ್ಲ ಕುಳಿತು ಬೀರು ತೆರೆಯಿರಿ. ಅಗಲಿದವರ ನೆನಪಿಗೆ ಒಂದು ಸೀರೆ, ಒಂದು ಅಂಗಿ ಇರಲಿ. ವರ್ಷವಿಡೀ ತೊಡದ ಉಳಿದವನ್ನು ಒಗೆದು, ಗುಂಡಿ ಹೊಲಿದು, ಮಡಚಿ ಕೊಡಿರಿ. ನಾವೇ ತೊಡಲು ನಾಚುವಂಥದನ್ನು ಕೊಡುವುದು ಬೇಡ. ಅದು ಯಾರ ಮೈಮೇಲೇರುವುದೆಂದು ಆ ಸೇವಾದರ್ಶಿಯಂತೆ ನಮಗೂ ತಿಳಿಯದು. ಖಾಲಿಯಾದ ಜಾಗವನ್ನು ಮತ್ತೆ ತುಂಬುವ ಅವಸರವೂ ಬೇಡ.

ಸಂತ ಮಾರ್ಟಿನರೇ, ನಮಗಾಗಿ ಪ್ರಾರ್ಥಿಸಿರಿ.