ಇರುವೆಗಳ ಒಡನಾಡಿ ಜಾನ್ ಲಬ್ಬಕ್

ಮಾನವನು ಸಾಕಿದ ಜೀವಿಗಳು ಹಲವು. ಹಾಲಿಗಾಗಿ ಹಸುವನ್ನೂ ಕಾವಲಿಗಾಗಿ ನಾಯಿಯನ್ನೂ ಜೇನಿಗಾಗಿ ಜೇನ್ನೊಣವನ್ನೂ ಅವನು ಸಾಕಿದನು. ಆದರೆ ಇರುವೆಯನ್ನು ಸಾಕಬೇಕೆಂದು ಬಯಸಿದವರು ವಿರಳ. ಬೆಲ್ಲದ ಡಬ್ಬಿಗೆ ಇರುವೆ ಮುತ್ತಿದರೆ ಅದನ್ನು ಬಿಸಿಲಿಗೆ ಇಡುವುದು, ತುಪ್ಪದ ಪಾತ್ರೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟು ಅವುಗಳ ದಾರಿಯನ್ನು ತಡೆಯುವುದು ನಮ್ಮ ಮನೆಗಳ ವಾಡಿಕೆ. ಇದೇ ನೀರಿನ ತಡೆಯನ್ನು, ಇರುವೆಗಳು ಒಳಗೆ ಬಾರದಿರಲೆಂದಲ್ಲ, ಹೊರಗೆ ಹೋಗದಿರಲೆಂದು ನಿರ್ಮಿಸಿ, ಅವುಗಳನ್ನು ವರ್ಷಗಟ್ಟಲೆ ಮನೆಯಲ್ಲಿಯೇ ಸಾಕಿದ ವಿಜ್ಞಾನಿಯೊಬ್ಬನು ಇಂಗ್ಲೆಂಡಿನಲ್ಲಿ ಇದ್ದನು. ಅವನೇ ಜಾನ್ ಲಬ್ಬಕ್.

ಲಬ್ಬಕ್ಕನು 1834ನೆಯ ಇಸವಿ ಏಪ್ರಿಲ್ 30ರಂದು ಲಂಡನ್ನಿನಲ್ಲಿ ಜನಿಸಿದನು. ಅವನ ತಂದೆಯು ಬ್ಯಾಂಕಿನ ಒಡೆಯನಾಗಿದ್ದು ಗಣಿತ ಹಾಗೂ ಖಗೋಳ ವಿಜ್ಞಾನಗಳಲ್ಲಿ ಪಾಂಡಿತ್ಯವನ್ನು ಪಡೆದಿದ್ದನು. ಈ ಕುಟುಂಬವು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ಸಮೀಪದಲ್ಲಿ ನೆಲೆಸಿತ್ತು. 1842ರಲ್ಲಿ ಒಂದು ದಿನ ತಂದೆಯು ಮನೆಗೆ ಬಂದು, ಮಗನಿಗೆ ಒಂದು ಶುಭವಾರ್ತೆಯನ್ನು ತಂದಿರುವುದಾಗಿ ತಿಳಿಸಿದನು. ಎಂಟು ವರ್ಷದ ಬಾಲಕನು ತನಗೊಂದು ಕುದುರೆಮರಿ ದೊರೆಯುವುದೆಂದು ಹಿಗ್ಗಿದನು. ಆದರೆ ವಾರ್ತೆ ಬೇರೆಯೇ ಆಗಿತ್ತು: ಚಾರ್ಲ್ಸ್ ಡಾರ್ವಿನ್ನನು ಅದೇ ಹಳ್ಳಿಗೆ ವಾಸಕ್ಕಾಗಿ ಬರುವವನಿದ್ದನು. ಬಾಲಕನಿಗೆ ಆಗ ನಿರಾಶೆಯೇ ಆಯಿತು. ಆದರೆ ಯಾವ ಕುದುರೆಯೂ ಕರೆದೊಯ್ಯಲಾರದಷ್ಟು ದೂರಕ್ಕೆ ಆ ನೆರೆಯವನು ತನ್ನನ್ನು ಕರೆದೊಯ್ಯುವನೆಂಬುದು ಅವನಿಗೆ ಮುಂದೆ ಮನವರಿಕೆಯಾಯಿತು.

ಡಾರ್ವಿನ್ನನು ಈ ಹುಡುಗನ ಕುತೂಹಲವನ್ನು ಗುರುತಿಸಿದನು. ಅವನಿಗೆ ಸೂಕ್ಷ್ಮದರ್ಶಕವೊಂದನ್ನು ಕೊಡಿಸುವಂತೆ ಅವನ ತಂದೆಯ ಮನವೊಲಿಸಿದನು. ಇಬ್ಬರೂ ಹೊಲ ತೋಟಗಳಲ್ಲಿ ಕೂಡಿ ಅಲೆದರು. ಲಬ್ಬಕ್ಕನಿಗೆ ಶಾಲೆಯ ಭಾಗ್ಯವು ಬಹುಕಾಲ ಇರಲಿಲ್ಲ. ಬ್ಯಾಂಕಿನ ಪಾಲುದಾರರು ಅಸ್ವಸ್ಥರಾದುದರಿಂದ, ಇನ್ನೂ ಹದಿನಾಲ್ಕು ಹದಿನೈದರ ಪ್ರಾಯದಲ್ಲಿರುವಾಗಲೇ ಅವನು ಈಟನ್ ಶಾಲೆಯನ್ನು ಬಿಟ್ಟು ಲೆಕ್ಕದ ಪುಸ್ತಕಗಳ ಮುಂದೆ ಕುಳಿತುಕೊಳ್ಳಬೇಕಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವನು ಹತ್ತಲೇ ಇಲ್ಲ. ಆದರೆ ದಿನದ ಹೊತ್ತನ್ನು ಗಂಟೆ ಗಂಟೆಯಾಗಿ ಹಂಚಿಕೊಂಡು ತಾನಾಗಿಯೇ ವ್ಯಾಸಂಗ ಮಾಡಿದನು. 1853ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ, ಅವನ ಮೊದಲ ವಿಜ್ಞಾನ ಲೇಖನವು ಬೆಳಕು ಕಂಡಿತು. 1858ರಲ್ಲಿ ರಾಯಲ್ ಸೊಸೈಟಿಯು ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಲಬ್ಬಕ್ಕನ ಕಾರ್ಯಕ್ಷೇತ್ರಗಳು ಅನೇಕ. 1865ರಲ್ಲಿ ಪ್ರಕಟವಾದ ಪ್ರಾಗೈತಿಹಾಸಿಕ ಕಾಲವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಶಿಲಾಯುಗವನ್ನು ಹಳೆಯ ಶಿಲಾಯುಗ, ಹೊಸ ಶಿಲಾಯುಗ ಎಂದು ವಿಂಗಡಿಸಿದನು. ನಾವು ಇಂದಿಗೂ ಇತಿಹಾಸದ ಪಾಠಗಳಲ್ಲಿ ಈ ವಿಂಗಡಣೆಯನ್ನೇ ಓದುತ್ತೇವೆ. 1870ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾಗಿ, ದುಡಿಯುವ ಜನರಿಗೆ ಬಿಡುವಿನ ದಿನಗಳನ್ನು ದೊರಕಿಸುವ ಶಾಸನವನ್ನು 1871ರಲ್ಲಿ ತಂದನು. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1882ರಲ್ಲಿ ಜಾರಿಗೆ ಬಂದ ಶಾಸನವೂ ಅವನ ಪ್ರಯತ್ನದ ಫಲವೇ. ಬ್ಯಾಂಕು, ಪಾರ್ಲಿಮೆಂಟು, ಗ್ರಂಥರಚನೆ ಇವುಗಳ ನಡುವೆ ಉಳಿದ ಹೊತ್ತೆಲ್ಲವೂ ಇರುವೆಗಳಿಗೆ ಮೀಸಲಾಗಿತ್ತು.

ಇರುವೆಗಳನ್ನು ಕುರಿತ ಕಥೆಗಳಿಗೆ ಆ ಕಾಲದಲ್ಲಿ ಕೊರತೆ ಇರಲಿಲ್ಲ. ಅವುಗಳ ಬುದ್ಧಿಯನ್ನೂ ದಯೆಯನ್ನೂ ಒಗ್ಗಟ್ಟನ್ನೂ ಜನರು ಬಾಯ್ತುಂಬ ಹೊಗಳುತ್ತಿದ್ದರು. ಆದರೆ ಈ ಹೊಗಳಿಕೆಯಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ಪರೀಕ್ಷಿಸಿದವರು ಕೆಲವರೇ. ಇರುವೆಯ ಬದುಕಿನ ಬಹುಭಾಗವು ನೆಲದೊಳಗಿನ ಕತ್ತಲೆಯಲ್ಲಿ ನಡೆಯುತ್ತದೆ. ಗೂಡನ್ನು ಅಗೆದರೆ ಬದುಕೇ ಚೆದರಿಹೋಗುತ್ತದೆ. ಅಗೆಯದಿದ್ದರೆ ಏನೂ ಕಾಣದು. ಈ ತೊಡಕನ್ನು ಲಬ್ಬಕ್ಕನು ಸರಳವಾದ ಒಂದು ಉಪಾಯದಿಂದ ಬಿಡಿಸಿದನು.

ಸುಮಾರು ಹತ್ತು ಅಂಗುಲ ಉದ್ದಗಲದ ಎರಡು ಗಾಜಿನ ಹಲಗೆಗಳನ್ನು ಅವನು ಒಂದರ ಮೇಲೊಂದು ಇರಿಸಿದನು. ಇರುವೆಯ ಮೈಯೆತ್ತರಕ್ಕಿಂತ ತುಸುವೇ ಹೆಚ್ಚಾದ ಎಡೆಯಿರುವಂತೆ ಅವುಗಳ ಅಂಚಿಗೆ ಮರದ ಪಟ್ಟಿಗಳನ್ನು ಕೂಡಿಸಿ, ಒಂದು ಚಿಕ್ಕ ಬಾಗಿಲನ್ನು ಬಿಟ್ಟನು. ನಡುವಣ ಎಡೆಯಲ್ಲಿ ತೇವವಾದ ನುಣುಪು ಮಣ್ಣನ್ನು ತುಂಬಿದನು. ಇರುವೆಗಳು ಆ ಮಣ್ಣಿನಲ್ಲಿ ಓಣಿಗಳನ್ನೂ ಕೋಣೆಗಳನ್ನೂ ತೋಡಿಕೊಂಡವು. ಗಾಜಿನ ಮೇಲೆ ಮುಚ್ಚಿಗೆ ಇದ್ದಾಗ ಅವುಗಳಿಗೆ ಬೇಕಾದ ಕತ್ತಲೆ. ಮುಚ್ಚಿಗೆಯನ್ನು ತೆಗೆದಾಗ ನೋಡುವವನಿಗೆ ಬೇಕಾದ ಬೆಳಕು. ಇಂತಹ ಗೂಡುಗಳನ್ನು ಕಂಬವೊಂದಕ್ಕೆ ಅಂತಸ್ತು ಅಂತಸ್ತಾಗಿ ಅಳವಡಿಸಿ, ಸುತ್ತಲೂ ನೀರಿನ ಕಾಲುವೆಯನ್ನು ಏರ್ಪಡಿಸಿದನು. ಆಹಾರವಾಗಿ ಜೇನುತುಪ್ಪವನ್ನೂ ಆಗಾಗ ತುಣುಕು ಮಾಂಸವನ್ನೂ ಇಟ್ಟನು. ಒಂದೊಂದು ಇರುವೆಯನ್ನೂ ಬೇರೆಯಾಗಿ ಗುರುತಿಸಲು ಅದರ ಬೆನ್ನಿನ ಮೇಲೆ ಬಣ್ಣದ ಚುಕ್ಕೆಯನ್ನು ಇರಿಸಿದನು. ಹೀಗೆ ಅವನ ಮನೆಯಲ್ಲಿ ಒಂದೇ ಕಾಲಕ್ಕೆ ಮೂವತ್ತರಿಂದ ನಲವತ್ತು ಇರುವೆ ಸಂಸಾರಗಳು ಬೆಳೆಯುತ್ತಿದ್ದವು.

ಇರುವೆಯ ಸಂಸಾರವು ಹೇಗೆ ಮೊದಲಾಗುತ್ತದೆ? ಈ ಪ್ರಶ್ನೆಯ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ವರ್ಷದ ಗೊತ್ತಾದ ಕಾಲದಲ್ಲಿ ರೆಕ್ಕೆಯುಳ್ಳ ಗಂಡು ಹೆಣ್ಣು ಇರುವೆಗಳು ಗೂಡಿನಿಂದ ಹಾರುತ್ತವೆ. ಕೂಡಿದ ತರುವಾಯ ಹೆಣ್ಣು ತನ್ನ ರೆಕ್ಕೆಗಳನ್ನು ಕಳಚಿಕೊಂಡು ರಾಣಿಯಾಗುತ್ತದೆ. (ನಮ್ಮಲ್ಲಿ ಮೊದಲ ಮಳೆಯ ಬಳಿಕ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳಲ್ಲಿ ಬಹುಪಾಲು ಗೆದ್ದಲುಗಳು, ಗೆದ್ದಲು ಇರುವೆಯ ಕುಲಕ್ಕೆ ಸೇರಿದುದಲ್ಲ.) ಆ ರಾಣಿಯು ಕೆಲಸಗಾರ ಇರುವೆಗಳ ನೆರವಿಲ್ಲದೆ ಹೊಸ ಸಂಸಾರವನ್ನು ಕಟ್ಟಬಲ್ಲುದೇ ಎಂಬುದೇ ವಾದದ ವಿಷಯ. 1876ರ ಆಗಸ್ಟ್ 14ರಂದು ಲಬ್ಬಕ್ಕನು ತನ್ನ ತೋಟದಲ್ಲಿ ಹಾರುತ್ತಿದ್ದ ಎರಡು ಜೋಡಿ ಇರುವೆಗಳನ್ನು ಹಿಡಿದು, ತೇವದ ಮಣ್ಣು, ನೀರು, ಆಹಾರಗಳೊಂದಿಗೆ ಬೇರೆಯಾಗಿ ಇರಿಸಿದನು. ಚಳಿಗಾಲವೆಲ್ಲ ಕಳೆಯಿತು, ಮೊಟ್ಟೆಯ ಸುಳಿವಿಲ್ಲ. ಅವನು ಕಾದನು. ಮರುವರ್ಷದ ಏಪ್ರಿಲ್ ತಿಂಗಳಿನಲ್ಲಿ ಮೊದಲ ಮೊಟ್ಟೆಗಳು ಕಾಣಿಸಿದವು. ಗಂಡುಗಳೆರಡೂ ಮೇ ತಿಂಗಳು ಮುಗಿಯುವುದರೊಳಗೆ ಸತ್ತುಹೋದವು. ಜೂನ್ ಮೊದಲ ವಾರದಲ್ಲಿ ಮೊಟ್ಟೆಗಳೊಡೆದು ಮರಿಹುಳುಗಳು ಹೊರಬಂದವು. ತಿಂಗಳ ಕೊನೆಗೆ ಅವು ಒಂದೊಂದಾಗಿ ಕೋಶಾವಸ್ಥೆಗೆ ತಿರುಗತೊಡಗಿದವು. ಜುಲೈ 22ರಂದು ಮೊದಲ ಕೆಲಸಗಾರ ಇರುವೆಯು ಕೋಶದಿಂದ ಹೊರಟಿತು. ಮೂರು ದಿನ ಕಳೆದು ನೋಡಿದಾಗ, ಆ ಎಳೆಯ ಇರುವೆಯು ತನ್ನ ಒಡಹುಟ್ಟಿದ ಮರಿಹುಳುಗಳನ್ನು ಎತ್ತಿಕೊಂಡು ಓಡಾಡುತ್ತಿತ್ತು! ಕೆಲಸಗಾರರು ಹುಟ್ಟಿದ ಮೇಲೆ ಮರಿಗಳ ಆರೈಕೆ ಅವರ ಪಾಲಿಗೆ ಬರುತ್ತದೆ. ರಾಣಿಯು ಮೊಟ್ಟೆಯಿಡುವುದರಲ್ಲಿಯೇ ನಿರತಳಾಗುತ್ತಾಳೆ. ಸಂಸಾರವು ಬೇಗ ಬೇಗ ಬೆಳೆಯುತ್ತದೆ. ಕನಿಷ್ಠಪಕ್ಷ ಈ ಜಾತಿಯಲ್ಲಿ ರಾಣಿಯು ಒಬ್ಬಂಟಿಯಾಗಿಯೇ ಸಂಸಾರವನ್ನು ಮೊದಲುಮಾಡಬಲ್ಲಳೆಂಬುದು ಇದರಿಂದ ಸಿದ್ಧವಾಯಿತು.

ರಾಣಿ ಇರುವೆಯ ಆಯುಸ್ಸು ಅಲ್ಪವೆಂದು ಅಲ್ಲಿಯವರೆಗೆ ಭಾವಿಸಲಾಗಿತ್ತು. 1874ರ ಡಿಸೆಂಬರ್ ತಿಂಗಳಿನಲ್ಲಿ ಕಾಡಿನಿಂದ ತಂದ ಎರಡು ರಾಣಿಯರನ್ನು ಲಬ್ಬಕ್ಕನು ಜೋಪಾನವಾಗಿ ಸಾಕಿದನು. ಅವುಗಳಲ್ಲೊಂದು 1888ರ ಆಗಸ್ಟ್‌ವರೆಗೆ ಬದುಕಿತು. ಅದು ಸುಮಾರು ಹದಿನೈದು ವರ್ಷದ ಬಾಳು! ಇರುವೆಯೊಂದು ಇಷ್ಟು ದೀರ್ಘಕಾಲ ಬದುಕಿದುದು ಅಂದಿನವರೆಗೆ ಯಾರಿಗೂ ತಿಳಿದಿರಲಿಲ್ಲ.

ಇರುವೆಯ ದುಡಿಮೆಯನ್ನು ಅವನು ಗಡಿಯಾರ ಹಿಡಿದು ಅಳೆದನು. ಒಂದು ಇರುವೆಯು ಬೆಳಗಿನ ಆರು ಗಂಟೆಯಿಂದ ರಾತ್ರಿ ಒಂಬತ್ತೂ ಮುಕ್ಕಾಲರವರೆಗೆ ಬಿಡುವಿಲ್ಲದೆ ದುಡಿದು 187 ಮರಿಹುಳುಗಳನ್ನು ಗೂಡಿಗೆ ಸಾಗಿಸಿದುದನ್ನು ಬರೆದಿಟ್ಟನು. ಒಂದೇ ಗೂಡಿನ ಇರುವೆಗಳನ್ನು ವರ್ಷಕ್ಕೂ ಮೀರಿ ಅಗಲಿಸಿ ಮರಳಿ ಕೂಡಿಸಿದಾಗ, ಅವು ಒಂದನ್ನೊಂದು ತಮ್ಮವರೆಂದು ಒಪ್ಪಿಕೊಂಡವು. ಪರಗೂಡಿನ ಇರುವೆಯನ್ನಾದರೋ ಕೂಡಲೇ ಎಳೆದು ಹೊರಗಟ್ಟಿದವು. ಈ ಗುರುತು ಯಾವುದಾದರೊಂದು ಸಂಕೇತದಿಂದ ಆಗುವುದೇ ಎಂದು ತಿಳಿಯಲು, ಕೆಲವು ಇರುವೆಗಳಿಗೆ ಮದ್ಯ ಸೋಂಕಿಸಿ ಮೈಮರೆಸಿ, ಉಳಿದವುಗಳ ಮುಂದೆ ಇಟ್ಟನು. ಎಚ್ಚರವಿದ್ದ ಇರುವೆಗಳು ತಮ್ಮ ಗೂಡಿನ ಅಮಲೇರಿದವರಲ್ಲಿ ಹೆಚ್ಚಿನವರನ್ನು ಗೂಡಿಗೆ ಹೊತ್ತು ತಂದವು. ಪರಕೀಯರಲ್ಲಿ ಹೆಚ್ಚಿನವರನ್ನು ನೀರಿಗೆ ನೂಕಿದವು. ಮೈಮರೆತವರು ಸಂಕೇತವನ್ನು ಕೊಡಲಾರರು. ಆದುದರಿಂದ ಗುರುತಿಗೆ ಸಂಕೇತವು ಕಾರಣವಲ್ಲವೆಂದು ಅವನು ನಿರ್ಣಯಿಸಿದನು. ಮೈಯ ವಾಸನೆಯೇ ಈ ಗುರುತಿಗೆ ಮುಖ್ಯ ಆಧಾರವೆಂದು ವಿಜ್ಞಾನವು ಈಗ ತಿಳಿದಿದೆ.

ಲಬ್ಬಕ್ಕನ ಹಿರಿಮೆಯು ತಾನು ಪ್ರೀತಿಸಿದ ಇರುವೆಗಳ ಕೊರತೆಯನ್ನೂ ಮುಚ್ಚಿಡದೆ ಹೇಳಿದುದರಲ್ಲಿದೆ. ಇರುವೆಗಳು ಕಷ್ಟದಲ್ಲಿರುವ ಬಂಧುಗಳನ್ನು ಎಂದೂ ಕೈಬಿಡವೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಅವನು ಕೆಲವು ಇರುವೆಗಳನ್ನು ಮಣ್ಣಿನಲ್ಲಿ ಸ್ವಲ್ಪ ಹೂತು, ಅವುಗಳ ಗೆಳೆಯರು ಓಡಾಡುವ ದಾರಿಯ ಬದಿಯಲ್ಲಿ ಇರಿಸಿದನು. ಗೆಳೆಯರು ಅವುಗಳನ್ನು ಲಕ್ಷಿಸದೆ ಜೇನಿನತ್ತ ನಡೆದವು. ಅನೇಕ ಸಲ ಹೀಗೆಯೇ ಆಯಿತು. ಆದರೆ ಗಾಯಗೊಂಡ ಇರುವೆಯೊಂದನ್ನು ಇನ್ನೊಂದು ಮೃದುವಾಗಿ ಎತ್ತಿ ಗೂಡಿಗೆ ಒಯ್ದುದನ್ನೂ ಅವನು ಕಂಡನು. ಎರಡನ್ನೂ ಇದ್ದಂತೆಯೇ ಬರೆದನು. ಹೊಗಳಿಕೆಗಾಗಿ ಒಂದನ್ನು ಕೂಡಿಸಲಿಲ್ಲ. ನಿರಾಶೆಯಿಂದ ಇನ್ನೊಂದನ್ನು ಕಳೆಯಲಿಲ್ಲ.

ಬಣ್ಣಗಳ ಪರೀಕ್ಷೆಯೂ ಸ್ವಾರಸ್ಯವಾದುದು. ಗೂಡಿನ ಮೇಲೆ ಬೇರೆ ಬೇರೆ ಬಣ್ಣದ ಗಾಜುಗಳನ್ನು ಇಟ್ಟಾಗ ಇರುವೆಗಳು ಕೆಂಪು ಗಾಜಿನಡಿಯಲ್ಲಿ ನೆರೆದವು. ನೇರಳೆ ಗಾಜಿನಡಿಯಿಂದ ದೂರ ಸರಿದವು. ಸೂರ್ಯನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಮರಿಗಳ ಮೇಲೆ ಬೀಳಿಸಿದಾಗ, ನೇರಳೆಯ ಆಚೆಗೆ ನಮ್ಮ ಕಣ್ಣಿಗೆ ಕತ್ತಲೆಯಾಗಿ ತೋರುವ ಎಡೆಯಿಂದಲೂ ಅವು ಮರಿಗಳನ್ನು ಅವಸರದಿಂದ ಸಾಗಿಸಿದವು. ಮನುಷ್ಯನಿಗೆ ಕಾಣದ ನೇರಳಾತೀತ ಕಿರಣಗಳನ್ನು ಇರುವೆಗಳು ಅರಿಯಬಲ್ಲವೆಂದು ಹೀಗೆ ಮೊತ್ತಮೊದಲಿಗೆ ತಿಳಿದುಬಂದಿತು. ಪಿಟೀಲು, ಸೀಟಿಗಳ ಸದ್ದಿಗಾದರೋ ಅವು ತಲೆಯೆತ್ತಿಯೂ ನೋಡಲಿಲ್ಲ. ಇರುವೆಗಳು ಕಂಪನವನ್ನು ಮುಖ್ಯವಾಗಿ ತಾವು ನಿಂತ ನೆಲದ ಮೂಲಕ ಅರಿಯುತ್ತವೆಂಬುದು ಈಗ ತಿಳಿದಿರುವ ಸಂಗತಿ.

ಹಳದಿ ಬಣ್ಣದ ಒಂದು ಜಾತಿಯ ಇರುವೆಗಳು ಸಸ್ಯಹೇನುಗಳ ಕರಿಯ ಮೊಟ್ಟೆಗಳನ್ನು ಚಳಿಗಾಲದುದ್ದಕ್ಕೂ ತಮ್ಮ ಗೂಡಿನಲ್ಲಿ ಕಾಪಾಡಿ, ವಸಂತದಲ್ಲಿ ಹೊರಟ ಮರಿಗಳನ್ನು ಡೈಸಿ ಗಿಡದ ಚಿಗುರಿಗೆ ಒಯ್ದು ಬಿಡುವುದನ್ನೂ ಅವನು ಕಂಡನು. ಮುಂದಿನ ಬೇಸಗೆಯಲ್ಲಿ ಆ ಹೇನುಗಳು ಸೂಸುವ ಸಿಹಿರಸವೇ ಇರುವೆಗಳಿಗೆ ಆಹಾರ. ದನವನ್ನು ಸಾಕುವ ರೈತನಂತೆ, ಇರುವೆಯೂ ಆರು ತಿಂಗಳ ಮುಂದಿನ ಫಲಕ್ಕಾಗಿ ದುಡಿಯುತ್ತಿತ್ತು.

ಈ ಎಲ್ಲ ಪರೀಕ್ಷೆಗಳ ಫಲವನ್ನು ಲಬ್ಬಕ್ಕನು ಇರುವೆ, ಜೇನ್ನೊಣ, ಕಣಜಗಳನ್ನು ಕುರಿತ ಗ್ರಂಥದಲ್ಲಿ 1882ರಲ್ಲಿ ಪ್ರಕಟಿಸಿದನು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಗುರುಸಮಾನನಾದ ಡಾರ್ವಿನ್ನನು ತೀರಿಕೊಂಡನು. ಆ ಮಹಾವಿಜ್ಞಾನಿಗೆ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿಯ ಗೌರವ ದೊರೆಯುವಂತೆ ಶ್ರಮಿಸಿದವರಲ್ಲಿ ಲಬ್ಬಕ್ಕನೂ ಒಬ್ಬನು. ಶವಪೆಟ್ಟಿಗೆಯ ಜೊತೆಯಲ್ಲಿ ನಡೆದವರಲ್ಲಿಯೂ ಒಬ್ಬನು.

ಭಾರತದ ಇರುವೆಗಳೂ ಅಂದಿನ ವಿದ್ವಾಂಸರ ಗಮನವನ್ನು ಸೆಳೆದಿದ್ದವು. ಮಳೆಯಲ್ಲಿ ನೆನೆದ ಹುಲ್ಲಿನ ಬೀಜಗಳನ್ನು ಇರುವೆಗಳು ಗೂಡಿನಿಂದ ತಂದು ಬಿಸಿಲಿಗೆ ಹರಡುವುದನ್ನು ಸೈಕ್ಸ್ ಎಂಬ ಸೇನಾಧಿಕಾರಿಯು ಪುಣೆಯಲ್ಲಿ ಕಂಡು ವರದಿ ಮಾಡಿದ್ದನು. ಮದರಾಸು ಸೇನೆಯ ವೈದ್ಯನಾದ ಜೆರ್ಡನ್ನನು 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ ಅವನು ವರ್ಣಿಸಿದ, ಜಿಗಿದು ಬೇಟೆಯಾಡುವ ಇರುವೆಯು ಕರ್ನಾಟಕದಲ್ಲಿಯೂ ಇದೆ. ದಾವಣಗೆರೆಯ ನಿಟ್ಟುವಳ್ಳಿಯಂತಹ ಜನನಿಬಿಡವಾದ ಬಡಾವಣೆಯಲ್ಲಿಯೂ ಗೋಡೆಯ ಬಿರುಕು, ಬೇವಿನ ಮರದ ಬುಡ, ಅಂಗಳದ ಮಣ್ಣು ಇವೆಲ್ಲವೂ ಇರುವೆಗಳ ಊರುಗಳೇ ಆಗಿವೆ. ಅವುಗಳನ್ನು ಅರಿಯಲು ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಲಬ್ಬಕ್ಕನ ಬಳಿ ಇದ್ದುದು ಗಾಜು, ಮಣ್ಣು, ನೀರು, ಜೇನು, ಒಂದಿಷ್ಟು ಬಣ್ಣ ಮತ್ತು ತೀರದ ತಾಳ್ಮೆ.

1900ರಲ್ಲಿ ಅವನಿಗೆ ಏವ್‌ಬರಿಯ ಲಾರ್ಡ್ ಎಂಬ ಪದವಿಯು ಸಂದಿತು. ತಾನು ಹಣ ತೆತ್ತು ಕೊಂಡು ನಾಶದಿಂದ ಉಳಿಸಿದ ಪುರಾತನ ಶಿಲಾವರ್ತುಲದ ಊರಿನ ಹೆಸರನ್ನೇ ಅವನು ಪದವಿಗೆ ಆರಿಸಿಕೊಂಡಿದ್ದನು. 1913ರ ಮೇ 28ರಂದು ಲಬ್ಬಕ್ಕನು ನಿಧನನಾದನು. ಅವನ ಕೆಲವು ನಿರ್ಣಯಗಳನ್ನು ಮುಂದಿನವರು ತಿದ್ದಿದ್ದಾರೆ, ಹಲವನ್ನು ದೃಢಪಡಿಸಿದ್ದಾರೆ. ಅಲ್ಪವೆಂದು ಲೋಕವು ಕಡೆಗಣಿಸಿದ ಜೀವಿಯ ಮುಂದೆ ವರ್ಷಗಟ್ಟಲೆ ಕುಳಿತು, ಕಂಡುದನ್ನು ಕಂಡಂತೆ ಹೇಳಿದ ಅವನ ಸತ್ಯನಿಷ್ಠೆಯು ಜ್ಞಾನಾರ್ಥಿಗಳೆಲ್ಲರಿಗೂ ಆದರ್ಶಪ್ರಾಯವಾಗಿದೆ.