ಬೇಸಿಗೆಗೆ ಕರಗದ, ಚಳಿಗೆ ಬಿರಿಯದ ರಬ್ಬರ್: ಚಾರ್ಲ್ಸ್ ಗುಡ್‌ಇಯರ್ ಬದುಕು ಮತ್ತು ನಮ್ಮ ಕಾರಿನ ಟೈರು

ಕಾರಿನ ಟೈರು ಸವೆದಿದೆ, ಹೊಸದು ಹಾಕಿಸಬೇಕು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎರಡು ಹೆಸರು ಎದುರಾಗುತ್ತವೆ: ಸಮ್ಮರ್ ಟೈರು ಮತ್ತು ಆಲ್-ಸೀಸನ್ ಟೈರು. ನಮ್ಮೂರಲ್ಲಿ ಬಿಸಿಲೂ ಇದೆ, ಮಳೆಯೂ ಇದೆ, ಒಂದಿಷ್ಟು ಚಳಿಯೂ ಇದೆ. ಹಾಗಾದರೆ ಎಲ್ಲ ಕಾಲಕ್ಕೂ ಆಗುವುದನ್ನೇ ಕೊಳ್ಳುವುದು ಜಾಣತನವಲ್ಲವೇ? ಸಮ್ಮರ್ ಟೈರು ಹಾಕಿಸಿಕೊಂಡರೆ ಮಳೆಗಾಲದಲ್ಲಿ ಜಾರುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರ ರಬ್ಬರಿನ ಸ್ವಭಾವದಲ್ಲಿದೆ. ಆ ಸ್ವಭಾವವನ್ನು ಪಳಗಿಸಲು ಒಬ್ಬ ಮನುಷ್ಯ ತನ್ನ ಆಸ್ತಿ, ಆರೋಗ್ಯ, ಸಂಸಾರದ ನೆಮ್ಮದಿ ಎಲ್ಲವನ್ನೂ ಸುರಿದ. ಅವನ ಹೆಸರು ಟೈರಿನ ಮೇಲೆ ಬರೆದಿರುವುದರಿಂದ ನಮಗೆಲ್ಲ ಪರಿಚಿತ. ಆದರೆ ಅವನ ಬಗ್ಗೆ ನಾವು ನಂಬಿರುವುದರಲ್ಲಿ ಹೆಚ್ಚಿನದು ತಪ್ಪು.

ಕರಗಿ ವಾಪಸಾದ ಸರಕು

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆ ಅಮಾಸಾ ಗುಂಡಿಗಳನ್ನೂ ಬೇಸಾಯದ ಉಪಕರಣಗಳನ್ನೂ ತಯಾರಿಸುತ್ತಿದ್ದರು. ಚಾರ್ಲ್ಸ್ 1824ರಲ್ಲಿ ಕ್ಲಾರಿಸಾ ಬೀಚರ್ ಅವರನ್ನು ಮದುವೆಯಾದರು. ಮುಂದೆ ಫಿಲಡೆಲ್ಫಿಯಾದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ತೆರೆದರು. 1830ರ ಹೊತ್ತಿಗೆ ಅಂಗಡಿ ಮುಳುಗಿತು, ಸಾಲ ಉಳಿಯಿತು. ಆ ಕಾಲದಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಜೈಲಿಗೆ ಹೋದದ್ದು ಒಂದೆರಡು ಸಲವಲ್ಲ.

1834ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿದ್ದ ರಾಕ್ಸ್‌ಬರಿ ರಬ್ಬರ್ ಕಂಪನಿಯ ಮಳಿಗೆಗೆ ಹೋದರು. ಅಲ್ಲಿ ಮಾರುತ್ತಿದ್ದ, ಗಾಳಿ ತುಂಬಿದ ಜೀವರಕ್ಷಕ ಸಾಧನದ ವಾಲ್ವ್ ಸರಿಯಿಲ್ಲವೆನಿಸಿ, ತಾವೇ ಒಂದು ಸುಧಾರಿತ ವಾಲ್ವ್ ಮಾಡಿ ತಂದು ತೋರಿಸಿದರು. ಕಂಪನಿಯವರಿಗೆ ಅದು ಬೇಕಿರಲಿಲ್ಲ. ಅವರ ಸಂಕಟವೇ ಬೇರೆ. ಬ್ರೆಜಿಲ್‌ನಿಂದ ಬಂದ ರಬ್ಬರಿನಲ್ಲಿ ಮಾಡಿದ ಬೂಟು, ಕೋಟುಗಳು ಬೇಸಿಗೆಯಲ್ಲಿ ಅಂಟಂಟಾಗಿ, ದುರ್ವಾಸನೆ ಹೊಡೆಯುತ್ತ ರಾಶಿರಾಶಿಯಾಗಿ ವಾಪಸು ಬರುತ್ತಿದ್ದವು. ಚಳಿಗಾಲದಲ್ಲಿ ಅವೇ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುತ್ತಿದ್ದವು. ರಬ್ಬರ್ ಉದ್ಯಮವೇ ನೆಲಕಚ್ಚುತ್ತಿತ್ತು.

ಗುಡ್‌ಇಯರ್ ಮುಂದೆ ಹೀಗೆ ಒಂದು ಪ್ರಶ್ನೆ ಬಂದು ನಿಂತಿತು: ಎಲ್ಲ ಕಾಲಕ್ಕೂ ಒಂದೇ ರೀತಿ ಇರುವ ರಬ್ಬರ್ ಮಾಡಲು ಸಾಧ್ಯವೇ? ಇಂದು ನಾವು ಟೈರು ಅಂಗಡಿಯಲ್ಲಿ ಕೇಳುವುದೂ ಅದೇ ಪ್ರಶ್ನೆ.

ರಬ್ಬರ್ ಯಾಕೆ ಹೀಗಾಡುತ್ತದೆ?

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದ ಶೀಟುಗಳನ್ನು ನೀವು ನೋಡಿರಬಹುದು. ಅದು ಕಚ್ಚಾ ರಬ್ಬರ್. ಅದರೊಳಗೆ ಇಂಗಾಲ ಮತ್ತು ಜಲಜನಕದ ತುಂಬ ಉದ್ದನೆಯ ಅಣುಸರಪಳಿಗಳಿವೆ. ತಟ್ಟೆಯಲ್ಲಿ ಬಡಿಸಿದ ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿದ್ದರೂ ಅವುಗಳ ನಡುವೆ ಗಂಟು ಇರುವುದಿಲ್ಲ. ಶಾಖ ಹೆಚ್ಚಾದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ವಸ್ತು ಅಂಟಾಗಿ ಹರಿಯತೊಡಗುತ್ತದೆ. ಚಳಿ ಹೆಚ್ಚಾದರೆ ಎಳೆಗಳ ಓಡಾಟ ಕಡಿಮೆಯಾಗಿ, ಸಾಲಾಗಿ ಕೂತು, ರಬ್ಬರ್ ಬಿರುಸಾಗುತ್ತದೆ.

ಈ ವಿವರಣೆ ಗುಡ್‌ಇಯರ್‌ಗೆ ಗೊತ್ತಿರಲಿಲ್ಲ. ಅಣುಸರಪಳಿಯ ಕಲ್ಪನೆ ಬಂದದ್ದೇ 20ನೇ ಶತಮಾನದಲ್ಲಿ. ಅವರು ರಸಾಯನಶಾಸ್ತ್ರ ಓದಿದವರೂ ಅಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ರಬ್ಬರಿಗೆ ಬೆರೆಸಿ ನೋಡಿದರು. ಜೈಲಿನೊಳಗೂ ಲಟ್ಟಣಿಗೆ ಹಿಡಿದು ರಬ್ಬರ್ ನಾದಿದರು. ಮೆಗ್ನೀಷಿಯಾ ಬೆರೆಸಿದರು, ಸುಣ್ಣದಲ್ಲಿ ಕುದಿಸಿದರು, ನೈಟ್ರಿಕ್ ಆಮ್ಲ ಸವರಿದರು. ಆಮ್ಲ ಸವರಿದ ರಬ್ಬರಿನ ಮೇಲ್ಮೈ ಅಂಟುವುದನ್ನು ಬಿಟ್ಟಿತು. ಗೆದ್ದೆವು ಎನ್ನುವಷ್ಟರಲ್ಲಿ 1837ರ ಆರ್ಥಿಕ ಕುಸಿತ ಬಂದು ಬಂಡವಾಳ ಹಾಕಿದವರೂ ಕೈಚೆಲ್ಲಿದರು. ಮುಂದೆ ಸರ್ಕಾರದಿಂದ 150 ಅಂಚೆಚೀಲಗಳಿಗೆ ಆರ್ಡರ್ ಬಂತು. ಚೀಲಗಳು ಸಿದ್ಧವಾದವು, ಬೇಸಿಗೆಯ ಸೆಕೆಗೆ ಅವೂ ಕರಗಿದವು. ಮೇಲ್ಮೈ ಮಾತ್ರ ಗಟ್ಟಿಯಾಗಿತ್ತು, ಒಳಗೆ ಅದೇ ಹಳೆಯ ರಬ್ಬರ್ ಇತ್ತು.

ಈ ಹೊತ್ತಿಗೆ ಮನೆಯ ಸಾಮಾನುಗಳು ಒಂದೊಂದಾಗಿ ಗಿರವಿ ಅಂಗಡಿ ಸೇರಿದ್ದವು. ಮಕ್ಕಳ ಶಾಲೆಯ ಪುಸ್ತಕಗಳನ್ನೂ ಅವರು ಮಾರಿದರು. ದಂಪತಿಗೆ ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲೇ ತೀರಿಕೊಂಡರು. ಸಂಶೋಧಕರ ಛಲವನ್ನು ಹೊಗಳುವ ಕತೆಗಳಲ್ಲಿ ಕ್ಲಾರಿಸಾ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಆ ಛಲದ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವರು ಆಕೆ.

ಒಲೆಯ ಮೇಲೆ ಬಿದ್ದದ್ದು ಅದೃಷ್ಟವೇ?

ನಥಾನಿಯಲ್ ಹೇವರ್ಡ್ ಎಂಬವರು ರಬ್ಬರಿನ ಮೇಲೆ ಗಂಧಕದ ಪುಡಿ ಉದುರಿಸಿ ಬಿಸಿಲಿಗೆ ಒಣಗಿಸಿದರೆ ಅಂಟು ಕಡಿಮೆಯಾಗುವುದನ್ನು ಕಂಡಿದ್ದರು. ಗುಡ್‌ಇಯರ್ ಆ ಹಕ್ಕನ್ನು ಕೊಂಡರು. 1839ರ ಚಳಿಗಾಲದಲ್ಲಿ, ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ, ಗಂಧಕ ಬೆರೆತ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಾಗಿತು. ಕರಗಿ ಹರಿಯಬೇಕಾಗಿದ್ದ ರಬ್ಬರ್ ಚರ್ಮದಂತೆ ಸುಟ್ಟು ಗಟ್ಟಿಯಾಯಿತು. ಸುಟ್ಟ ಭಾಗದ ಅಂಚಿನಲ್ಲಿ ಅತ್ತ ಕರಗದ, ಇತ್ತ ಬಿರಿಯದ ಒಂದು ಪಟ್ಟಿ ಉಳಿದಿತ್ತು.

ಇದನ್ನು ಆಕಸ್ಮಿಕ ಆವಿಷ್ಕಾರ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಗುಡ್‌ಇಯರ್ ಈ ಮಾತನ್ನು ಒಪ್ಪುತ್ತಿರಲಿಲ್ಲ. ಅವರ ವಾದದಲ್ಲಿ ಹುರುಳಿದೆ. ಐದು ವರ್ಷ ಅದೇ ಸಮಸ್ಯೆಯನ್ನು ತಲೆಯಲ್ಲಿ ಹೊತ್ತು ತಿರುಗಿದವರಿಗಲ್ಲದೆ, ಸುಟ್ಟ ತುಂಡಿನ ಅಂಚನ್ನು ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ? ಅಲ್ಲದೆ ಒಲೆಯ ಘಟನೆ ಆರಂಭ ಮಾತ್ರ. ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂದು ತಿಳಿಯಲು ಇನ್ನೂ ವರ್ಷಗಳು ಹಿಡಿದವು. ಸುಮಾರು 132 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒತ್ತಡದ ಹಬೆಯಲ್ಲಿ, ನಾಲ್ಕರಿಂದ ಆರು ಗಂಟೆ ಬೇಯಿಸಿದರೆ ಹದ ಸಿಗುತ್ತದೆಂದು ಕಂಡುಕೊಂಡರು. 1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು. ಅದರಲ್ಲಿರುವ ಅಳತೆ: 25 ಭಾಗ ರಬ್ಬರಿಗೆ 5 ಭಾಗ ಗಂಧಕ, 7 ಭಾಗ ಬಿಳಿ ಸೀಸ.

ಗಂಧಕ ಮಾಡಿದ್ದೇನು? ಶಾವಿಗೆಯ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕಿತು. ಈಗ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ, ಬಿಸಿಯಾದರೂ ಎಳೆಗಳು ಜಾರಿಹೋಗುವುದಿಲ್ಲ. ಗಂಟು ಕಡಿಮೆಯಾದರೆ ಅಂಟು, ವಿಪರೀತವಾದರೆ ಎಬೊನೈಟ್‌ನಂಥ ಗಟ್ಟಿ ವಸ್ತು. ಈ ಗಂಟನ್ನು ಸುಲಭವಾಗಿ ಬಿಚ್ಚಲಾಗದು. ಹಳೆಯ ಪ್ಲಾಸ್ಟಿಕ್ ಕೊಡವನ್ನು ಕರಗಿಸಿದಂತೆ ಹಳೆಯ ಟೈರನ್ನು ಕರಗಿಸಿ ಹೊಸದು ಮಾಡಲಾಗದಿರುವುದು ಇದರಿಂದಲೇ.

ಬೇರೆಯವರ ಪಾಲಾದ ಲಾಭ

ಗುಡ್‌ಇಯರ್ ಇಂಗ್ಲೆಂಡಿಗೆ ಕಳಿಸಿದ್ದ ಮಾದರಿಗಳು ಥಾಮಸ್ ಹ್ಯಾಂಕಾಕ್ ಎಂಬ ರಬ್ಬರ್ ಉದ್ಯಮಿಯ ಕೈಸೇರಿದವು. ಹ್ಯಾಂಕಾಕ್ ತಾವೂ ಪ್ರಯೋಗ ಮಾಡಿ, 1843ರ ನವೆಂಬರ್‌ನಲ್ಲಿ, ಗುಡ್‌ಇಯರ್‌ಗಿಂತ ಕೆಲವೇ ವಾರ ಮೊದಲು, ಅಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ರೋಮನ್ನರ ಅಗ್ನಿದೇವತೆ ವಲ್ಕನ್ ಹೆಸರಿನಿಂದ ಬಂದ ವಲ್ಕನೈಸೇಶನ್ ಎಂಬ ಪದವೂ ಹ್ಯಾಂಕಾಕ್ ಬಳಗದ್ದೇ. ನಮ್ಮ ರಸ್ತೆಬದಿಯ ಪಂಕ್ಚರ್ ಅಂಗಡಿಗಳ ಬೋರ್ಡಿನಲ್ಲಿ ಕಾಣುವ ವಲ್ಕನೈಸಿಂಗ್ ಅದೇ ಪದ.

ಅಮೆರಿಕದಲ್ಲಿ ಮಾತ್ರ 1852ರ ದೊಡ್ಡ ಮೊಕದ್ದಮೆಯನ್ನು ಅವರು ಗೆದ್ದರು. ಅವರ ಪರವಾಗಿ ವಾದಿಸಿದ ಡೇನಿಯಲ್ ವೆಬ್‌ಸ್ಟರ್ ಪಡೆದ ಶುಲ್ಕ 15,000 ಡಾಲರ್. ಲಂಡನ್ನಿನ 1851ರ ಮಹಾ ಪ್ರದರ್ಶನದಲ್ಲಿ ರಬ್ಬರಿನಿಂದಲೇ ಅಲಂಕರಿಸಿದ ಮಂಟಪಕ್ಕಾಗಿ ಅವರು ಸಾಲದ ಹಣ ಸುರಿದರು. 1853ರಲ್ಲಿ ಕ್ಲಾರಿಸಾ ತೀರಿಕೊಂಡರು. 1855ರಲ್ಲಿ ಪ್ಯಾರಿಸ್ ಪ್ರದರ್ಶನದ ನಂತರ ಸಾಲಕ್ಕಾಗಿ ಮತ್ತೆ ಜೈಲು. ಫ್ರಾನ್ಸಿನ ಲೀಜನ್ ಆಫ್ ಆನರ್ ಪದಕ ಅವರಿಗೆ ತಲುಪಿದ್ದು ಆ ಜೈಲಿನಲ್ಲೇ. 1860ರ ಜುಲೈ 1ರಂದು ನ್ಯೂಯಾರ್ಕ್‌ನಲ್ಲಿ ಸಾಯುವಾಗ ಅವರ ಮೇಲೆ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು.

ಗುಡ್‌ಇಯರ್ ಟೈರು ಕಂಪನಿಯನ್ನು ಅವರು ಕಟ್ಟಲಿಲ್ಲ. ಅವರು ತೀರಿಕೊಂಡ 38 ವರ್ಷಗಳ ಮೇಲೆ, 1898ರಲ್ಲಿ, ಓಹಿಯೊದ ಏಕ್ರನ್‌ನಲ್ಲಿ ಫ್ರಾಂಕ್ ಸೈಬರ್ಲಿಂಗ್ ಅದನ್ನು ಶುರುಮಾಡಿ, ಗೌರವಕ್ಕಾಗಿ ಆ ಹೆಸರಿಟ್ಟರು. ಕಾರಿನ ಟೈರನ್ನು ಗುಡ್‌ಇಯರ್ ಕಣ್ಣಿನಿಂದಲೂ ನೋಡಲಿಲ್ಲ. ಡನ್‌ಲಪ್ ಸೈಕಲ್ಲಿಗೆ ಗಾಳಿ ಟೈರಿನ ಪೇಟೆಂಟ್ ಪಡೆದದ್ದೇ 1888ರಲ್ಲಿ.

ಹೂಟಗಳ್ಳಿಯ ರಸ್ತೆಗೆ ಯಾವ ಟೈರು?

ಮೈಸೂರಿಗೂ ಟೈರಿಗೂ ಹಳೆಯ ನಂಟು. ಹೂಟಗಳ್ಳಿ, ಮೇಟಗಳ್ಳಿ, ಹೆಬ್ಬಾಳ ಸೇರಿದ ಕೈಗಾರಿಕಾ ಸೀಮೆಯಲ್ಲಿ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ಸ್ ಯಾರಿಗೆ ಗೊತ್ತಿಲ್ಲ? 1997ರಲ್ಲಿ ಅದು ಜೆ.ಕೆ. ಟೈರ್ ತೆಕ್ಕೆಗೆ ಬಂತು. ಇಂಥ ಕಾರ್ಖಾನೆಗಳಲ್ಲಿ ಇಂದಿಗೂ ಕೊನೆಯ ಮುಖ್ಯ ಹಂತ ಗುಡ್‌ಇಯರ್ ಕಂಡದ್ದೇ: ಹಸಿ ಟೈರನ್ನು ಅಚ್ಚಿನೊಳಗಿಟ್ಟು ಶಾಖ, ಒತ್ತಡದಲ್ಲಿ ಬೇಯಿಸುವುದು. ವೇಗವರ್ಧಕಗಳು ಬಂದಿರುವುದರಿಂದ ಕಾರಿನ ಟೈರು ಗಂಟೆಗಟ್ಟಲೆ ಬೇಯಬೇಕಿಲ್ಲ, ನಿಮಿಷಗಳು ಸಾಕು. ನೂರು ಭಾಗ ರಬ್ಬರಿಗೆ ಒಂದೆರಡು ಭಾಗ ಗಂಧಕ ಸಾಕಾಗುತ್ತದೆ. ಗುಡ್‌ಇಯರ್ ಅಳತೆಯಲ್ಲಿ ಅದು ಇಪ್ಪತ್ತು ಭಾಗ.

ಆದರೆ ಒಂದು ಸಂಗತಿ ಬದಲಾಗಿಲ್ಲ. ಯಾವ ರಬ್ಬರೂ ಎಲ್ಲ ತಾಪಮಾನದಲ್ಲೂ ಒಂದೇ ರೀತಿ ಇರುವುದಿಲ್ಲ. ಕರಗುವ ಕಾಟ ಹೋಗಿದೆ. ಮೆದು, ಬಿರುಸಿನ ಆಟ ಉಳಿದಿದೆ. ಟೈರು ತಯಾರಕರು ರಬ್ಬರ್, ಇಂಗಾಲದ ಕಪ್ಪು ಪುಡಿ, ಸಿಲಿಕಾ, ಎಣ್ಣೆಗಳ ಪ್ರಮಾಣ ಬದಲಿಸಿ ಯಾವ ತಾಪಮಾನಕ್ಕೆ ಹದ ಬೇಕೋ ಅದಕ್ಕೆ ಹೊಂದಿಸುತ್ತಾರೆ.

ಸಮ್ಮರ್ ಟೈರಿನ ಹದ ಸುಮಾರು 7 ಡಿಗ್ರಿಗಿಂತ ಮೇಲಿನ ವಾತಾವರಣಕ್ಕೆ. ಅದಕ್ಕಿಂತ ಕೆಳಗೆ ಅದು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆಲ್-ಸೀಸನ್ ಟೈರು ಒಂದು ರಾಜಿ. ಹಗುರ ಹಿಮದಲ್ಲೂ ಓಡಬೇಕಾದ್ದರಿಂದ ಅದರ ರಬ್ಬರ್ ಚಳಿಯಲ್ಲೂ ಮೆದುವಾಗಿರುವಂಥದ್ದು, ಮೇಲ್ಮೈಯಲ್ಲಿ ಸಣ್ಣ ಸಣ್ಣ ಸೀಳುಗಳು ಹೆಚ್ಚು. ಕಾದ ರಸ್ತೆಯಲ್ಲಿ ಆ ಸೀಳಿದ ಗುಬುಟುಗಳು ಅಲುಗಾಡುತ್ತವೆ. ಸಮಾನ ದರ್ಜೆಯ ಸಮ್ಮರ್ ಟೈರಿಗೆ ಹೋಲಿಸಿದರೆ ಸಾಮಾನ್ಯವಾಗಿ ತಿರುವಿನಲ್ಲಿ ಹಿಡಿತ ಕಡಿಮೆ, ಬ್ರೇಕ್ ಹಾಕಿದಾಗ ನಿಲ್ಲುವ ದೂರ ಹೆಚ್ಚು.

ಇಲ್ಲಿ ಸೀಸನ್ ಎಂದರೆ ನಮ್ಮ ಮಳೆಗಾಲವಲ್ಲ. ಹಿಮ ಬೀಳುವ ದೇಶಗಳ ಚಳಿಗಾಲ. ಮಳೆಗೂ ಸಮ್ಮರ್ ಟೈರಿಗೂ ವೈರವಿಲ್ಲ. ನೀರನ್ನು ಹೊರದೂಡುವುದು ಟೈರಿನ ಅಗಲವಾದ ಗಾಡಿಗಳು, ಅಂದರೆ ಗ್ರೂವ್‌ಗಳು. ಒದ್ದೆ ರಸ್ತೆಯನ್ನು ಕಚ್ಚುವುದು ರಬ್ಬರಿನ ಹದ. ಒಳ್ಳೆಯ ಸಮ್ಮರ್ ಟೈರಿನಲ್ಲಿ ಎರಡೂ ಇರುತ್ತವೆ.

ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 34-35 ಡಿಗ್ರಿ. ಡಾಂಬರು ಅದಕ್ಕಿಂತ ತುಂಬ ಬಿಸಿ. ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. 7 ಡಿಗ್ರಿಯ ಗೆರೆ ನಮ್ಮಿಂದ ದೂರವೇ ಉಳಿಯುತ್ತದೆ. ಜನವರಿಯ ಮುಂಜಾನೆ ಊಟಿಯಲ್ಲಿ ಆ ಗೆರೆ ದಾಟಬಹುದು. ವರ್ಷದಲ್ಲಿ ಒಂದು ದಿನದ ಆ ಪ್ರಯಾಣಕ್ಕೆ ನಿಧಾನವಾಗಿ ಓಡಿಸಿದರೆ ಸಾಕು, ಟೈರು ಬದಲಿಸಬೇಕಿಲ್ಲ. ಭಾರತದ ಬಿಸಿ ವಾತಾವರಣಕ್ಕೆಂದು ಮಾಡಿದ ಸಾಮಾನ್ಯ ಕಾರಿನ ಟೈರುಗಳ ಮೇಲೆ ಸಮ್ಮರ್ ಎಂದು ಬರೆದಿರದಿದ್ದರೂ ಅವು ಆ ಬಗೆಯವೇ. ಹೀಗಾಗಿ ಬರೀ ಆಲ್-ಸೀಸನ್ ಎಂಬ ಹೆಸರಿಗೆ ಹೆಚ್ಚಿನ ಹಣ ಕೊಡಬೇಡಿ. ಕಚ್ಚಾ ರಸ್ತೆಯಲ್ಲಿ ಓಡಾಟ ಹೆಚ್ಚಿದ್ದರೆ, ಬಾಳಿಕೆಯೇ ಮುಖ್ಯವಾಗಿದ್ದರೆ ಬೇರೆ ಲೆಕ್ಕ; ಆಗಲೂ ಹಿಡಿತದಲ್ಲಿ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದು ಕೊಳ್ಳಿ.

ಹೆಸರಿಗಿಂತ ಹೆಚ್ಚಾಗಿ ನೋಡಬೇಕಾದವು ಇವು:

- ಗ್ರೂವ್ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಕಾರಿನ ಟೈರಿನ ಆಯುಸ್ಸು ಮುಗಿದಂತೆ. ಮಳೆಯಲ್ಲಿ ಹಿಡಿತ ಅದಕ್ಕಿಂತ ಮೊದಲೇ ಕುಸಿದಿರುತ್ತದೆ. ಮಳೆಗಾಲಕ್ಕೆ ಮುಂಚೆ ಅಳೆಸಿ.
- ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ತಯಾರಿಕೆಯ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ. ಗ್ರೂವ್ ಆಳವಾಗಿದ್ದರೂ ಬಿಸಿಲು, ಓಝೋನ್, ವಯಸ್ಸು ಸೇರಿ ರಬ್ಬರನ್ನು ಬಿರುಸು ಮಾಡುತ್ತವೆ. ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ತೋರಿಸಿ.
- ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕೆಂಬುದು ಅಪಾಯದ ನಂಬಿಕೆ. ಗಾಳಿ ಕಡಿಮೆಯಾದರೆ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಕಾಯುತ್ತದೆ, ಕಾದದ್ದು ಹೆದ್ದಾರಿಯಲ್ಲಿ ಸಿಡಿಯಬಹುದು. ಕಾರು ಓಡಿಸುವ ಮೊದಲು, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಗಾಳಿ ಹಾಕಿಸಿ.

ಎಲ್ಲ ಕಾಲಕ್ಕೂ ಆಗುವ ರಬ್ಬರಿಗಾಗಿ ಗುಡ್‌ಇಯರ್ ಬದುಕನ್ನೇ ಸವೆಸಿದರು. ಅವರಿಗೆ ಸಿಕ್ಕಿದ್ದು ಬೇಕಾದ ಹದಕ್ಕೆ ತರಬಹುದಾದ ರಬ್ಬರ್. ನಮ್ಮೂರ ಹವೆಗೆ ಹೊಂದುವ ಹದವನ್ನು ಆರಿಸುವುದಷ್ಟೇ ನಮಗೆ ಉಳಿದಿರುವ ಕೆಲಸ.